ಎನ್‌ಎಫ್‌ಎಲ್ ಕಿಕಾಫ್: ರಿಟರ್ನ್ ಹೆಚ್ಚಿಸಿದ್ದು ಹೊಸ ಜೋಡಣೆಯೋ, ಟಚ್‌ಬ್ಯಾಕಿನ ಐದು ಯಾರ್ಡೋ?

"ಹೊಸ ಜೋಡಣೆ ಬಂದ ಮೇಲೆ ಕಿಕಾಫ್ ರಿಟರ್ನ್ ಇಷ್ಟು ಹೆಚ್ಚಿದೆಯಲ್ಲ, ಇನ್ನು ಅತಿ ವೇಗದ ಓಟಗಾರ ಒಬ್ಬನಿದ್ದರೆ ತಂಡಕ್ಕೆ ಸಾಕಲ್ಲವೇ?" ಅಂತ ಅಮೆರಿಕನ್ ಫುಟ್‌ಬಾಲ್ ಲೀಗ್ ಎನ್‌ಎಫ್‌ಎಲ್ ಬಗ್ಗೆ ಕೇಳಿದ್ದೀರಿ. ಕಿಕಾಫ್ ಅಂದರೆ ಆಟ ಶುರು ಮಾಡಲು ಎದುರಾಳಿಯ ಕಡೆಗೆ ಚೆಂಡು ಒದೆಯುವುದು, ರಿಟರ್ನ್ ಅಂದರೆ ಅದನ್ನು ಹಿಡಿದು ಮುಂದಕ್ಕೆ ಓಡುವುದು, ಜೋಡಣೆ ಅಂದರೆ ಆಗ ಆಟಗಾರರು ನಿಲ್ಲುವ ರೀತಿ. ಇದೇ ಪ್ರಶ್ನೆ ಹಿಡಿದುಕೊಂಡು ಈ ನಿಯಮಗಳ ಒಳಹೊಕ್ಕವನು ನಾನೂ. ನಿಮ್ಮ ಪ್ರಶ್ನೆಯ ಎರಡು ಭಾಗಗಳನ್ನೂ ನಾನು ಒಪ್ಪುವುದಿಲ್ಲ. ಯಾಕೆ ಅಂತ ಒಂದು ಒದೆತದ ಮೂಲಕ ಹೇಳುತ್ತೇನೆ.

2025ರ ಸೆಪ್ಟೆಂಬರ್ 14, ಪಿಟ್ಸ್‌ಬರ್ಗ್. ನಾಲ್ಕನೇ ಕ್ವಾರ್ಟರ್. ಸಿಯಾಟಲ್ ಸೀಹಾಕ್ಸ್ ಆಗತಾನೇ ಫೀಲ್ಡ್ ಗೋಲ್ (ಕಂಬಗಳ ನಡುವೆ ಚೆಂಡು ಒದ್ದು ಗಳಿಸುವ ಮೂರು ಪಾಯಿಂಟ್) ಹೊಡೆದು ಸ್ಟೀಲರ್ಸ್ ಎದುರು 17–14ರಿಂದ ಮುಂದಿದೆ. ಜೇಸನ್ ಮೈಯರ್ಸ್ ಕಿಕಾಫ್ ಒದೆಯುತ್ತಾನೆ. ಸ್ಟೀಲರ್ಸ್ ಕಡೆ ಹಿಂದೆ ನಿಂತಿರುವುದು ಅದೇ ವರ್ಷ ಲೀಗಿಗೆ ಬಂದ ರನ್ನಿಂಗ್ ಬ್ಯಾಕ್ (ಚೆಂಡು ಹಿಡಿದು ಓಡುವ ಆಟಗಾರ) ಕೇಲಬ್ ಜಾನ್ಸನ್. ಚೆಂಡು ಅವನ ಕೈಗೆ ಸಿಗದೆ ಹಿಂದಕ್ಕೆ, ಗೋಲ್ ಗೆರೆಯ ಆಚೆಗಿನ ಜಾಗವಾದ ಎಂಡ್ ಝೋನಿನೊಳಕ್ಕೆ ಪುಟಿಯಿತು. ಅವನು ಅದರ ಹಿಂದೆ ಓಡಲಿಲ್ಲ. ಟಚ್‌ಬ್ಯಾಕ್ (ಚೆಂಡು ಎಂಡ್ ಝೋನಿನಲ್ಲಿ ಸತ್ತು, ತಂಡಕ್ಕೆ ನಿಗದಿತ ಗೆರೆಯಿಂದ ಆಟ ಸಿಗುವುದು) ಆಯಿತು ಎಂಬಂತೆ ಬದಿಗೆ ಹೊರಟ. ಸೀಹಾಕ್ಸ್‌ನ ಜಾರ್ಜ್ ಹೊಲಾನಿ ಓಡಿ ಬಂದು ಆ ಚೆಂಡಿನ ಮೇಲೆ ಬಿದ್ದ. ಟಚ್‌ಡೌನ್! ಪಂದ್ಯ 31–17ಕ್ಕೆ ಮುಗಿಯಿತು.

ಇಲ್ಲಿ ಆದದ್ದು ಓಟದ ತಪ್ಪಲ್ಲ. ಚೆಂಡು ಮೊದಲು ಎಲ್ಲಿ ಬಂತು ಎಂಬುದರ ಮೇಲೆ ಈಗ ಎಲ್ಲವೂ ನಿಂತಿದೆ. ಗೆರೆಯ ಸಂಖ್ಯೆ ಅಂದರೆ ಆ ತಂಡದ ಗೋಲ್ ಗೆರೆಯಿಂದ ಅಷ್ಟು ಯಾರ್ಡ್ ದೂರ. ಗೋಲ್ ಗೆರೆಯಿಂದ 20 ಯಾರ್ಡ್ ಗೆರೆಯವರೆಗಿನ ಪಟ್ಟಿಗೆ ಲ್ಯಾಂಡಿಂಗ್ ಝೋನ್ ಅನ್ನುತ್ತಾರೆ. ಚೆಂಡು ಈ ಪಟ್ಟಿಯನ್ನು ದಾಟಿ ನೇರ ಎಂಡ್ ಝೋನಿಗೇ ಬಿದ್ದು, ರಿಟರ್ನರ್ ಮಂಡಿಯೂರಿದರೆ ಅವನ ತಂಡಕ್ಕೆ 35ರ ಗೆರೆಯಿಂದ ಆಟ. ಅದೇ ಚೆಂಡು ಮೊದಲು ಪಟ್ಟಿಯಲ್ಲಿ ಬಿದ್ದು ಆಮೇಲೆ ಎಂಡ್ ಝೋನಿಗೆ ಉರುಳಿದರೆ, ಅದರ ಮೇಲೆ ಬಿದ್ದು ಮಂಡಿಯೂರಿದರೂ ಸಿಗುವುದು 20ರ ಗೆರೆ ಮಾತ್ರ. ಒಂದು ಪುಟಿತಕ್ಕೆ 15 ಯಾರ್ಡ್ ನಷ್ಟ. ಅದನ್ನೂ ಮಾಡದೆ ಬಿಟ್ಟರೆ ಚೆಂಡು ಸತ್ತಿರುವುದಿಲ್ಲ, ಮೊದಲು ಹೋಗಿ ಹಿಡಿದವರದು. ಒದ್ದ ತಂಡ ಅಲ್ಲಿ ಹಿಡಿದರೆ ಆರು ಪಾಯಿಂಟ್. ಫೇರ್ ಕ್ಯಾಚ್ (ಓಡದೆ ಚೆಂಡನ್ನಷ್ಟೇ ಹಿಡಿಯುತ್ತೇನೆಂಬ ಸನ್ನೆ) ಕೇಳಿ ಪಾರಾಗುವ ದಾರಿಯೂ ಈಗ ಇಲ್ಲ. ಹಳೆಯ ಕಾಲದಲ್ಲಿ ಎಂಡ್ ಝೋನಿಗೆ ಹೋದ ಚೆಂಡು ಅಂದರೆ ಬಹುಪಾಲು ವಿಶ್ರಾಂತಿ. ಆ ಅಭ್ಯಾಸದ ಕಾಲು ಈ ನಿಯಮದಲ್ಲಿ ನಡೆಯುವುದಿಲ್ಲ.

ಈಗ ಜೋಡಣೆಯ ಮಾತು. 2024ರಲ್ಲಿ ಅದು ಬಂತು. ಒದೆಯುವವನು ತನ್ನ 35ರ ಗೆರೆಯಲ್ಲೇ ಇರುತ್ತಾನೆ, ಅವನ ಹತ್ತು ಜೊತೆಗಾರರು ಮಾತ್ರ ಎದುರಾಳಿಯ 40ರ ಗೆರೆಯಲ್ಲಿ ನಿಲ್ಲುತ್ತಾರೆ. ಐದೇ ಯಾರ್ಡ್ ಆಚೆ, 35ರ ಗೆರೆಗೆ ಕಾಲಿಟ್ಟು ಅವರನ್ನು ಬ್ಲಾಕ್ ಮಾಡುವ, ಅಂದರೆ ಅಡ್ಡ ನಿಂತು ತಡೆಯುವ ಸಾಲು. ಹಿಂದೆ ಪಟ್ಟಿಯಲ್ಲಿ ಹೆಚ್ಚೆಂದರೆ ಇಬ್ಬರು ರಿಟರ್ನರ್‌ಗಳು. ಚೆಂಡು ಪಟ್ಟಿಯಲ್ಲೋ ಎಂಡ್ ಝೋನಿನಲ್ಲೋ ನೆಲ ಅಥವಾ ಆಟಗಾರನನ್ನು ಮುಟ್ಟುವವರೆಗೆ ಸಾಲಿನಲ್ಲಿ ನಿಂತ ಯಾರೂ ಕದಲುವಂತಿಲ್ಲ. ಮೊದಲು ದೂರದಿಂದ ಪೂರ್ತಿ ವೇಗದಲ್ಲಿ ಓಡಿ ಬಂದು ಗುದ್ದುತ್ತಿದ್ದರು, ತಲೆಗೆ ಪೆಟ್ಟಾಗುತ್ತಿತ್ತು. ಅದನ್ನು ತಪ್ಪಿಸಲು ಈ ಏರ್ಪಾಡು, ಮತ್ತು ಅದು ತುಂಬಾ ಒಳ್ಳೆಯ ಏರ್ಪಾಡು ಅಂತಲೇ ನನ್ನ ಅಭಿಪ್ರಾಯ. 2024ರ ಫೆಬ್ರವರಿಯ ಸೂಪರ್ ಬೌಲ್‌ನಲ್ಲಿ, ಅಂದರೆ ಲೀಗಿನ ಫೈನಲ್‌ನಲ್ಲಿ, ಒಂದೇ ಒಂದು ಕಿಕಾಫ್ ರಿಟರ್ನ್ ಆಗಲಿಲ್ಲ, ಆಟ ಅಲ್ಲಿಗೆ ಬಂದು ನಿಂತಿತ್ತು.

ಆದರೆ ಲೆಕ್ಕ ನೋಡಿ. 2023ರಲ್ಲಿ ರಿಟರ್ನ್ ಆದದ್ದು ಸುಮಾರು 22 ಶೇಕಡಾ. ಹೊಸ ಜೋಡಣೆ ಬಂದ 2024ರಲ್ಲಿ ಸುಮಾರು 33. 2025ರಲ್ಲಿ ಸುಮಾರು ಮುಕ್ಕಾಲು ಪಾಲು! ಜೋಡಣೆ ಹೆಚ್ಚುಕಡಿಮೆ ಅದೇ. ಬದಲಾದ ದೊಡ್ಡ ಸಂಗತಿ ಒಂದೇ: ಟಚ್‌ಬ್ಯಾಕ್ 30ರ ಗೆರೆಯಿಂದ 35ಕ್ಕೆ ಹೋಯಿತು. ರಿಟರ್ನ್ ಮಾಡಲು ಬಿಟ್ಟರೂ ಎದುರಾಳಿ ಸರಾಸರಿ ತಲುಪುವುದು 30ರ ಆಸುಪಾಸಿಗೆ. ಹಾಗಿರುವಾಗ ಅಪಾಯವೇ ಇಲ್ಲದೆ 30 ಕೊಟ್ಟುಬಿಡುವುದು ಕೋಚ್‌ಗಳಿಗೆ ಲಾಭವಾಗಿಯೇ ಕಂಡಿತು. ಎಂಡ್ ಝೋನಿನ ಹಿಂದಕ್ಕೆ ಒದ್ದು ಸುಮ್ಮನಾದರು. 35 ಕೊಡುವುದು ಅಂದರೆ ಪ್ರತಿ ಕಿಕಾಫಿಗೂ ಐದು ಯಾರ್ಡ್ ದಾನ. ಎದುರಾಳಿ ಇನ್ನೆರಡು ಫಸ್ಟ್ ಡೌನ್ (ತಲಾ ಹತ್ತು ಯಾರ್ಡಿನ ಮುನ್ನಡೆ) ಗಳಿಸಿದರೆ ಫೀಲ್ಡ್ ಗೋಲಿನ ದೂರಕ್ಕೆ ಬಂದುಬಿಡುತ್ತಾನೆ. ಅದಕ್ಕೇ ಈಗ ಎಲ್ಲರೂ ಪಟ್ಟಿಗೆ ಒದೆಯುತ್ತಿದ್ದಾರೆ.

ಒದೆಯುವ ರೀತಿಯೂ ಬದಲಾಯಿತು. ಎತ್ತರಕ್ಕೆ ಹೋಗಿ ಆರಾಮಾಗಿ ಇಳಿಯುವ ಚೆಂಡಿನಿಂದ ಈಗ ಪ್ರಯೋಜನ ಕಡಿಮೆ, ಯಾಕೆಂದರೆ ಅದು ಗಾಳಿಯಲ್ಲಿರುವಷ್ಟು ಹೊತ್ತೂ ಆ ಹತ್ತು ಜನ ಕಲ್ಲಿನ ಹಾಗೆ ನಿಂತೇ ಇರಬೇಕು. ಬದಲಿಗೆ ತಗ್ಗಾಗಿ, ಸರಿಯಾಗಿ ತಿರುಗದೆ ಅತ್ತಿತ್ತ ಓಲಾಡುತ್ತ ಹೋಗುವ ಒದೆತ. ಕ್ರಿಕೆಟ್ಟಿನ ನಕಲ್ ಬಾಲ್ ಇದ್ದಂತೆ. ಅದು 10ರ ಗೆರೆಯ ಹತ್ತಿರ ನೆಲಕ್ಕೆ ಬಡಿದ ಕ್ಷಣದಿಂದ ಹತ್ತು ಜನರ ಗಡಿಯಾರ ಶುರು, ಚೆಂಡು ಮಾತ್ರ ಇನ್ನೂ ಯಾರ ಕೈಯಲ್ಲೂ ಇಲ್ಲ. 40ರಿಂದ 5ರ ಗೆರೆಗೆ 35 ಯಾರ್ಡ್. ತಡೆಯಿಲ್ಲದಿದ್ದರೆ ಇವರಿಗೆ ನಾಲ್ಕು ಸೆಕೆಂಡಿನ ದಾರಿ. ಚೆಂಡು ಹಿಡಿಯಲು ಒಂದೂವರೆ ಸೆಕೆಂಡ್ ತಡವಾದರೆ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಸಮಯ ಆಗಲೇ ಹೋಯಿತು. ಒದೆಯುವವನಿಗೂ ಅಪಾಯ ಇಲ್ಲದಿಲ್ಲ: ಚೆಂಡು ಪಟ್ಟಿಗಿಂತ ಮೊದಲೇ ಬಿದ್ದರೆ ಅಥವಾ ಬದಿಯ ಗೆರೆ ದಾಟಿದರೆ ಎದುರಾಳಿಗೆ 40ರಿಂದ ಆಟ.

ನಿಯಮದಲ್ಲಿ ನನಗೆ ನೋವಾಗುವ ಜಾಗ ಒಂದಿದೆ. ಆನ್‌ಸೈಡ್ ಕಿಕ್ (ಒದ್ದ ತಂಡವೇ ಮರಳಿ ಹಿಡಿಯಲೆಂದು ಹತ್ತಿರಕ್ಕೆ ಒದೆಯುವುದು) ಮಾಡುವುದಾದರೆ ಈಗ ಮೊದಲೇ ಹೇಳಬೇಕು, 2025ರಲ್ಲಿ ಪಾಯಿಂಟ್‌ನಲ್ಲಿ ಹಿಂದಿರುವ ತಂಡ ಮಾತ್ರ ಮಾಡಬಹುದಿತ್ತು. 2010ರ ಫೆಬ್ರವರಿಯ ಸೂಪರ್ ಬೌಲ್‌ನಲ್ಲಿ ನ್ಯೂ ಆರ್ಲಿಯನ್ಸ್ ಸೇಂಟ್ಸ್ ಎರಡನೇ ಅರ್ಧವನ್ನು ಯಾರೂ ನಿರೀಕ್ಷಿಸದ ಆನ್‌ಸೈಡ್ ಕಿಕ್ಕಿನಿಂದ ಶುರು ಮಾಡಿ ಪಂದ್ಯದ ದಿಕ್ಕನ್ನೇ ತಿರುಗಿಸಿತು. ಅಂಥದ್ದಕ್ಕೆ ಇನ್ನು ಅವಕಾಶವಿಲ್ಲ. ಸುರಕ್ಷತೆಗಾಗಿ ಬಿಟ್ಟುಕೊಟ್ಟದ್ದರಲ್ಲಿ ಇದೊಂದನ್ನು ಉಳಿಸಿಕೊಳ್ಳಬಹುದಿತ್ತು.

ಹಾಗಾದರೆ ವೇಗದ ಓಟಗಾರ? ಬೇಡ ಅನ್ನುವುದಿಲ್ಲ, ಆದರೆ ನಾನು ಮೊದಲು ಹುಡುಕುವುದು ಪುಟಿಯುವ ಚೆಂಡನ್ನು ತಡವಿಲ್ಲದೆ ಹಿಡಿಯುವ ಕೈ. ಆಮೇಲೆ, 30ರಿಂದ 35ರ ಗೆರೆಗಳ ನಡುವೆ ಒಂದು ಕಿಂಡಿ ತೆರೆಯುತ್ತಿದ್ದಂತೆ ಅಲ್ಲಿಗೆ ನುಗ್ಗುವ ಕಣ್ಣು. ಬದಿಗೆ ಓಡಿ ಸುತ್ತು ಹಾಕಲು ಸಮಯವೇ ಇಲ್ಲ. ಒಂದು ತಿರುವು, ನೇರ ಓಟ. ಇದು ರನ್ನಿಂಗ್ ಬ್ಯಾಕ್ ಕೆಲಸ, ಎಷ್ಟೋ ತಂಡಗಳು ಅವರನ್ನೇ ನಿಲ್ಲಿಸುತ್ತಿರುವುದೂ ಅದಕ್ಕೇ. ಇನ್ನೊಬ್ಬ ರಿಟರ್ನರ್ ಬಗ್ಗೆ ಯಾರೂ ಕೇಳುವುದಿಲ್ಲ. ಜೊತೆಗಾರ ಚೆಂಡು ಹಿಡಿದರೆ ಅವನು ಮುಂದೆ ಓಡಿ ಮೊದಲ ಎದುರಾಳಿಯನ್ನು ತಡೆಯಬೇಕು. ಕೈ ತಪ್ಪಿದರೆ ಮುಂದಕ್ಕಲ್ಲ, ಆ ಕ್ಷಣವೇ ಎಂಡ್ ಝೋನಿನ ಕಡೆಗೆ ತಿರುಗಿ ಓಡಿ ಚೆಂಡಿನ ಮೇಲೆ ಬೀಳಬೇಕು. 20ರ ಗೆರೆ ಸಿಕ್ಕರೂ ಸರಿ.