ಸನ್‌ರೂಫ್ ಸೋರುತ್ತಿದ್ದರೆ ಮೊದಲು ನೀರಿನ ದಾರಿ ನೋಡಿ

ಪ್ರಶ್ನೆ: ನನ್ನ ಬಳಿ 1972ರ ಪೋರ್ಷೆ 911 ಕೂಪೆ ಇದೆ. ವಿದ್ಯುತ್ ಮೋಟಾರಿನಿಂದ ಜಾರುವ ಉಕ್ಕಿನ ಸನ್‌ರೂಫ್ ಕಾರ್ಖಾನೆಯಿಂದಲೇ ಬಂದದ್ದು. ಮಳೆಯಲ್ಲಿ ನಿಲ್ಲಿಸಿದ್ದ ಕಾರನ್ನು ಹೊರಡಿಸಿ ಬ್ರೇಕ್ ಒತ್ತಿದ ಕೂಡಲೇ ಮುಂಭಾಗದಿಂದ ನೀರು ಮೊಣಕಾಲಿನ ಮೇಲೆ ಸುರಿಯುತ್ತದೆ. ಮುಚ್ಚುವಾಗ ಫಲಕ ಸೊಟ್ಟಗಾಗಿ ಎಡಬದಿ ಹಿಂದೆ ಉಳಿಯುತ್ತದೆ. ಮುಂದಿನ ಅಂಚಿನಲ್ಲಿ ಬಣ್ಣ ಗುಳ್ಳೆ ಎದ್ದಿದೆ. ಸುತ್ತಲೂ ಸಿಲಿಕೋನ್ ತುಂಬಿ ಮುಚ್ಚಿಬಿಡಿ ಎಂದು ಒಬ್ಬ ಮೆಕ್ಯಾನಿಕ್, ತೆರಪಿನ ಮೇಲೆ ಹೊಸ ತಗಡು ವೆಲ್ಡ್ ಮಾಡಿಸಿ ಮುಚ್ಚಿಬಿಡಿ ಎಂದು ಇನ್ನೊಬ್ಬರು ಹೇಳುತ್ತಿದ್ದಾರೆ. ಯಾವುದು ಸರಿ?

ಉತ್ತರ: ದಯವಿಟ್ಟು ಎರಡನ್ನೂ ಮಾಡಿಸಬೇಡಿ. ಫಲಕದ ಸುತ್ತಲಿನ ಸಂದು ಮುಚ್ಚುವ ಪಟ್ಟಿ (ಸೀಲ್) ನೀರನ್ನು ಪೂರ್ತಿಯಾಗಿ ತಡೆಯಬೇಕು, ಅದು ಹಳತಾದ್ದರಿಂದಲೇ ಸೋರುತ್ತಿದೆ ಎಂಬ ಊಹೆಯಿಂದ ಈ ಎರಡು ಸಲಹೆಗಳೂ ಹುಟ್ಟಿವೆ. ಆ ಊಹೆಯೇ ತಪ್ಪು. ಜಾರುವ ಉಕ್ಕಿನ ಸನ್‌ರೂಫಿನ ಪಟ್ಟಿ ಗಾಳಿಯನ್ನೂ ಹೆಚ್ಚಿನ ನೀರನ್ನೂ ತಡೆಯುತ್ತದೆಯೇ ಹೊರತು ಎಲ್ಲ ನೀರನ್ನೂ ತಡೆಯುವುದಿಲ್ಲ. ಉಳಿದ ನೀರು ಒಳಗೆ ಇಳಿಯುತ್ತದೆ ಎಂದು ತಿಳಿದೇ ವಿನ್ಯಾಸಕಾರರು ತೆರಪಿನ ಸುತ್ತ ತಗಡಿನ ದೋಣಿಯೊಂದನ್ನು ಕೂರಿಸಿ, ಅದರ ಮೂಲೆಗಳಿಂದ ಸಣ್ಣ ಕೊಳವೆಗಳ ಮೂಲಕ ನೀರನ್ನು ಕಾರಿನ ಹೊರಗೆ ಬಿಟ್ಟಿದ್ದಾರೆ. ಮುಂದಿನ ಕೊಳವೆಗಳು ಮುಂಗಾಜಿನ ಪಕ್ಕದ ಕಂಬಗಳ ಒಳಗಿನಿಂದ ಇಳಿಯುತ್ತವೆ. ಸಿಲಿಕೋನ್ ತುಂಬಿದರೆ ಅದು ಬಿರುಕು ಬಿಟ್ಟ ದಿನದಿಂದ ನೀರು ಮತ್ತೆ ಇಳಿಯುತ್ತದೆ, ಆದರೆ ಕಣ್ಣಿಗೆ ಬೀಳುವುದಿಲ್ಲ. ತುಕ್ಕು ಕತ್ತಲಲ್ಲಿ ತನ್ನ ಕೆಲಸ ಮುಂದುವರಿಸುತ್ತದೆ.

ಬ್ರೇಕ್ ಒತ್ತಿದ ಕೂಡಲೇ ನೀರು ಸುರಿಯುತ್ತದೆ ಎಂದು ನೀವು ಬರೆದಿರುವುದೇ ರೋಗದ ಗುರುತು. ದೋಣಿಯಲ್ಲಿ ನೀರು ನಿಂತಿದೆ, ವೇಗ ತಗ್ಗಿದಾಗ ಅದು ಮುಂದಕ್ಕೆ ನುಗ್ಗಿ ಅಂಚು ದಾಟುತ್ತಿದೆ, ಅಂದರೆ ಮುಂದಿನ ಕೊಳವೆಗಳು ಕಟ್ಟಿಕೊಂಡಿವೆ. ಕಾರು ನಿಂತಿದ್ದಾಗಲೂ ಒಂದೇ ಮೂಲೆಯಿಂದ ಹನಿಯುತ್ತಿದ್ದರೆ ಕೊಳವೆ ಕಳಚಿದೆ ಅಥವಾ ದೋಣಿ ತೂತಾಗಿದೆ ಎಂದು ನಾನು ಅನುಮಾನಿಸುತ್ತಿದ್ದೆ. ಪರೀಕ್ಷೆ ಸುಲಭ: ಫಲಕವನ್ನು ತೆರೆದು ದೋಣಿಯ ಪ್ರತಿ ಮೂಲೆಗೂ ಒಂದೊಂದು ಲೋಟ ನೀರನ್ನು ನಿಧಾನವಾಗಿ ಬಿಟ್ಟು, ಅದು ಕಾರಿನ ಕೆಳಗೆ ಎಲ್ಲಿ, ಎಷ್ಟು ಬೇಗ ಹೊರಬರುತ್ತದೆ ಎಂದು ನೋಡಿ. ಕಟ್ಟಿಕೊಂಡ ಕೊಳವೆಗೆ ಕಂಪ್ರೆಸರಿನ ಗಾಳಿಯನ್ನು ಜೋರಾಗಿ ಬಿಡಬಾರದು. ಐವತ್ತು ವರ್ಷದ ಕೊಳವೆ ಕಂಬದ ಒಳಗೇ ಬಾಯಿಂದ ಕಳಚಿಕೊಂಡರೆ ನೀರು ನೇರವಾಗಿ ಆ ಟೊಳ್ಳಿಗೆ ಇಳಿಯುತ್ತದೆ. ಗಟ್ಟಿಯಾದರೂ ಬಾಗುವ ನೈಲಾನ್ ತಂತಿಯೊಂದರ ತುದಿಯನ್ನು ಉರುಟಾಗಿಸಿ, ತಿರುಗಿಸುತ್ತ ತಳ್ಳಿ, ಬಳಿಕ ಉಗುರುಬೆಚ್ಚಗಿನ ನೀರು ಹರಿಸಿ.

ಇನ್ನು ಬಣ್ಣದ ಗುಳ್ಳೆ. ನಿಮ್ಮ ಹಣ ಮತ್ತು ಸಮಯದ ಬಹುಪಾಲು ಇಲ್ಲಿಯೇ ಖರ್ಚಾಗುತ್ತದೆ, ಆಗಲೂಬೇಕು. 911ರ ಇಡೀ ಒಡಲಿಗೆ ಸತುವಿನ ಲೇಪ ಬಂದದ್ದು 1976ರ ಮಾದರಿಯಿಂದ. ಅದಕ್ಕಿಂತ ಹಿಂದಿನ ನಿಮ್ಮ ಕಾರಿನ ಛಾವಣಿಗೆ ಆ ರಕ್ಷಣೆ ಇಲ್ಲ. ಫಲಕವು ಹೊರತಗಡು ಮತ್ತು ಒಳಚೌಕಟ್ಟನ್ನು ಮಡಿಸಿ ಒತ್ತಿ ಮಾಡಿದ ಜೋಡಣೆಯಾದ್ದರಿಂದ, ಮಡಿಕೆಯೊಳಗೆ ಉಳಿದ ತೇವವು ಒಳಗಿನಿಂದ ತಿಂದು, ಕೊನೆಗೆ ಬಣ್ಣದ ಗುಳ್ಳೆಯಾಗಿ ಹೊರಗೆ ಕಾಣಿಸಿಕೊಳ್ಳುತ್ತದೆ. ಆದ್ದರಿಂದ ಗುಳ್ಳೆಯನ್ನು ಉಜ್ಜಿ ಪುಟ್ಟಿ ಹಾಕಿದರೆ ರಿಪೇರಿ ಏನೂ ಆಗಿಲ್ಲ ಎಂದೇ ಅರ್ಥ. ಫಲಕವನ್ನು ಹೊರತೆಗೆದು, ಕೆಳಗಿನಿಂದ ಚೂಪಾದ ಸಾಧನವೊಂದರಿಂದ ಮಡಿಕೆಯುದ್ದಕ್ಕೂ ಚುಚ್ಚಿ ನೋಡಿ. ಮೆತ್ತಗಿರುವಷ್ಟನ್ನೂ ಕತ್ತರಿಸಿ, ಅದೇ ದಪ್ಪದ ಹೊಸ ತಗಡಿನ ಪಟ್ಟಿ ಕೂರಿಸಬೇಕು. ಫಲಕ ಅಗಲವಾದ, ಹೆಚ್ಚು ಉಬ್ಬಿಲ್ಲದ ತಗಡು. ಉದ್ದಕ್ಕೆ ಒಂದೇ ಸಮನೆ ವೆಲ್ಡ್ ಮಾಡಿದರೆ ಬಿಸಿಗೆ ಅಲೆಯೇಳುತ್ತದೆ, ಆ ಅಲೆಯನ್ನು ತಟ್ಟಿ ಸರಿಪಡಿಸುವುದು ನುರಿತ ಟಿಂಕರಿಂಗ್ ಕೆಲಸಗಾರರಿಗೂ ಕಷ್ಟ. ದೂರದೂರಕ್ಕೆ ಒಂದೊಂದು ಬಿಂದು ಹಾಕಿ, ತಣಿಯಲು ಬಿಟ್ಟು, ಮತ್ತೆ ನಡುವಿನದನ್ನು ತುಂಬುವ ತಾಳ್ಮೆ ಇರುವವರಿಗೇ ಕೆಲಸ ಒಪ್ಪಿಸಿ. ತುಕ್ಕು ಕೀಳಲು ಸ್ಯಾಂಡ್‌ಬ್ಲಾಸ್ಟಿಂಗ್ (ಮರಳನ್ನು ಜೋರಾಗಿ ಸಿಡಿಸುವುದು) ಮಾಡುವವರೂ ಹೊರತಗಡಿನಲ್ಲಿ ಹೀಗೆಯೇ ಅಲೆಯೆಬ್ಬಿಸಿ ಕೆಡಿಸುತ್ತಾರೆ. ಆಮ್ಲದ ತೊಟ್ಟಿಯಲ್ಲಿ ಅದ್ದಿಸುವುದಂತೂ ಮಡಿಕೆಯೊಳಗೆ ಆಮ್ಲ ಉಳಿದು ಹೊಸ ಬಣ್ಣವನ್ನೇ ಕೀಳುವ ದಾರಿ.

ದೋಣಿಯ ಮೂಲೆಗಳನ್ನೂ ಕೊಳವೆಯ ಬಾಯಿಗಳನ್ನೂ ಇದೇ ಕಣ್ಣಿನಿಂದ ನೋಡಬೇಕು. ಛಾವಣಿಯ ಒಳಬಟ್ಟೆ ಕಳಚದೆ ಇದು ಆಗದು, ಮತ್ತು ವೆಲ್ಡಿಂಗ್‌ಗೆ ಮುನ್ನ ಆ ಬಟ್ಟೆ, ಅದರ ಅಂಟು, ಪಕ್ಕದ ಗಾಜು ಎಲ್ಲವೂ ಹೊರಗಿರಬೇಕು, ಬ್ಯಾಟರಿಯ ಸಂಪರ್ಕ ತಪ್ಪಿಸಿರಬೇಕು. ಕೆಲಸ ಮುಗಿದ ಮೇಲೆ ಎಪಾಕ್ಸಿ ಪ್ರೈಮರ್, ಸೀಲರ್, ಬಣ್ಣ, ಎಲ್ಲಕ್ಕೂ ಕೊನೆಗೆ ಟೊಳ್ಳುಗಳಿಗೆ ಸಿಂಪಡಿಸುವ ಮೇಣ. ಮೇಣ ಹಾಕುವಾಗ ಕೊಳವೆಯ ಬಾಯಿಗಳನ್ನು ಮುಚ್ಚಿಡುವುದನ್ನು ಮರೆಯಬೇಡಿ. ಇಷ್ಟೆಲ್ಲ ಮಾಡಿ ಮೇಣದಿಂದಲೇ ಕೊಳವೆ ಕಟ್ಟಿಸಿಕೊಂಡವರನ್ನು ನಾನು ಕಂಡಿದ್ದೇನೆ.

ಫಲಕ ಸೊಟ್ಟಗಾಗುವುದಕ್ಕೆ ಕಾರಣ ಕೇಬಲ್ಲುಗಳಲ್ಲಿದೆ. ಸುತ್ತಲೂ ಸುರುಳಿ ತಂತಿ ಬಿಗಿದಿರುವ ಎರಡು ಕೇಬಲ್ಲುಗಳು ಒಂದೇ ಗೇರಿನ ಎರಡು ಮಗ್ಗುಲಲ್ಲಿ ಹಾದು, ಒಂದು ಎಡಗಡೆಯನ್ನು, ಇನ್ನೊಂದು ಬಲಗಡೆಯನ್ನು ತಳ್ಳುತ್ತವೆ. ಗಟ್ಟಿಯಾದ ಹಳೆಯ ಗ್ರೀಸಿನಿಂದ ಒಂದು ಬದಿ ಬಿಗಿಯಾದರೆ ಕೇಬಲ್ ಗೇರಿನ ಒಂದೆರಡು ಹಲ್ಲುಗಳನ್ನು ಹಾರಿ ಹಿಂದೆ ಬೀಳುತ್ತದೆ. ಮೋಟಾರನ್ನು ಬಿಚ್ಚಿ, ಕೇಬಲ್ಲು ಮತ್ತು ಹಳಿಗಳನ್ನು ಪೂರ್ತಿ ತೊಳೆದು, ಫಲಕವನ್ನು ಕೈಯಿಂದಲೇ ಮುಚ್ಚಿ ಎರಡೂ ಬದಿ ಸಮನಾಗಿ ಕೂತಿದೆ ಎಂದು ಅಳೆದ ಬಳಿಕವೇ ಗೇರನ್ನು ಮತ್ತೆ ಕೂರಿಸಿ. ಕೇಬಲ್ಲಿನ ಸುರುಳಿ ಸವೆದಿದ್ದರೆ ಎರಡನ್ನೂ ಜೋಡಿಯಾಗಿಯೇ ಬದಲಿಸಿ. ಹೊಸ ಗ್ರೀಸ್ ತೆಳುವಾಗಿರಲಿ, ದಪ್ಪ ಗ್ರೀಸು ಧೂಳನ್ನು ಹಿಡಿದು ಅರೆಯುವ ಪೇಸ್ಟ್ ಆಗುತ್ತದೆ. ಇಂಥ ಬಹುತೇಕ ಡ್ರೈವ್‌ಗಳಲ್ಲಿ, ಫಲಕ ಸಿಕ್ಕಿಕೊಂಡಾಗ ಮೋಟಾರಿನ ಬಲವನ್ನು ಬಿಟ್ಟುಕೊಡುವ ಜಾರುವ ಕ್ಲಚ್ ಒಂದಿರುತ್ತದೆ. ಫಲಕ ಸಿಕ್ಕಿಕೊಳ್ಳುತ್ತಿದೆ ಎಂದು ಅದನ್ನು ಬಿಗಿಗೊಳಿಸುವುದು ಜ್ವರ ಇಳಿಸಲು ಥರ್ಮಾಮೀಟರ್ ಒಡೆದಂತೆ. ಕೈಯಿಂದ ಸಲೀಸಾಗಿ ಜಾರದ ಫಲಕವನ್ನು ಮೋಟಾರಿಗೆ ಒಪ್ಪಿಸಬಾರದು.

ಫಲಕದ ಸುತ್ತಲಿನ ಪಟ್ಟಿಯ ಸರದಿ ಕೊನೆಯದು. ತುಸು ದಪ್ಪದ ಪಟ್ಟಿಯೂ, ಅಂಚಿನಲ್ಲಿ ದಪ್ಪಗೆ ಕೂತ ಬಣ್ಣವೂ ಫಲಕವನ್ನು ಹಿಡಿದು ನಿಲ್ಲಿಸುತ್ತವೆ. ಎತ್ತರ ಹೊಂದಿಸುವಾಗ ಮುಂದಿನ ಅಂಚು ಛಾವಣಿಯ ಮಟ್ಟಕ್ಕೆ ಅಥವಾ ಹೆಚ್ಚೆಂದರೆ 1 ಮಿಲಿಮೀಟರ್ ಕೆಳಗೆ, ಹಿಂದಿನ ಅಂಚು ಸಮ ಅಥವಾ ಅಷ್ಟೇ ಮೇಲೆ ಇರಲಿ. ಮುಂದಿನ ಅಂಚು ಮೇಲೆದ್ದರೆ ಗಾಳಿ ಅದಕ್ಕೆ ನೇರವಾಗಿ ಬಡಿದು ಊಳಿಡುತ್ತದೆ.

ಪ್ರಶ್ನೆ: ನನ್ನ ಪೋರ್ಷೆ 356ರ ಸನ್‌ರೂಫ್ ಫಲಕ ತೀರಾ ಹಾಳಾಗಿದೆ. ಬೇರೆ ಕಾರಿನಿಂದ ತೆಗೆದ ಒಳ್ಳೆಯ ಫಲಕ ಸಿಕ್ಕಿದೆ. ಹಾಗೆಯೇ ಕೂರುತ್ತದೆಯೇ?

ಉತ್ತರ: ಕೂರುತ್ತದೆ ಎಂದು ನಂಬಿ ಬಣ್ಣ ಹೊಡೆಸಬೇಡಿ. ಆ ಕಾಲದ ಒಡಲುಗಳಲ್ಲಿ ಫಲಕವನ್ನು ಅದೇ ಕಾರಿನ ತೆರಪಿಗೆ ಕೈಯಿಂದ ಹೊಂದಿಸುತ್ತಿದ್ದರು. ಸಂದು, ಮೂಲೆಯ ಬಾಗು, ಉಬ್ಬು ಒಂದೊಂದರಲ್ಲೂ ಒಂದಿಷ್ಟು ಬೇರೆ. ಬರಿಯ ತಗಡಿನ ಸ್ಥಿತಿಯಲ್ಲೇ ಅದನ್ನು ಪಟ್ಟಿಯೊಡನೆ ಜೋಡಿಸಿ, ಹಲವು ಬಾರಿ ತೆರೆದು ಮುಚ್ಚಿ, ನಾಲ್ಕು ಬದಿಯ ಸಂದನ್ನೂ ಅಳೆಯಿರಿ. ಹಳೆಯದರ ಹೊರತಗಡು ಚೆನ್ನಾಗಿದ್ದು ಚೌಕಟ್ಟು ಮಾತ್ರ ತಿಂದುಹೋಗಿದ್ದರೆ, ಎಷ್ಟೇ ಶ್ರಮವಾದರೂ ಅದನ್ನೇ ಉಳಿಸಿಕೊಳ್ಳಿ ಎಂಬುದು ನನ್ನ ಅಭಿಪ್ರಾಯ. ಬಿಚ್ಚುವ ಮೊದಲು ಪ್ರತಿ ತಿರುಪು ಮತ್ತು ಅದರಡಿಯ ವಾಷರುಗಳ ಸಂಖ್ಯೆಯನ್ನು ಎಡ, ಬಲ ಎಂದು ಬರೆದು ಫೋಟೋ ತೆಗೆದಿಡಿ, ಏಕೆಂದರೆ ಎತ್ತರದ ಮೂಲ ಹೊಂದಾಣಿಕೆ ಉಳಿದಿರುವುದು ಆ ವಾಷರುಗಳಲ್ಲೇ.