ಜೀನ್ ಥೆರಪಿ ಬಂದರೆ ಮಗಳ ಇನ್ಸುಲಿನ್ ನಿಲ್ಲಿಸಬಹುದಾ?

ನಿಮ್ಮ ಮಗಳಿಗೆ 11 ವರ್ಷ, ಟೈಪ್ 1 ಶುಗರ್. ಜೀನ್ ಥೆರಪಿಯ ಒಂದೇ ಇಂಜೆಕ್ಷನ್ನಿಗೆ ಇನ್ಸುಲಿನ್ ಮಾಡುವ ಕೋಶ ಮತ್ತೆ ಹುಟ್ಟುತ್ತದಂತೆ, ವಾಟ್ಸಾಪ್‌ನಲ್ಲಿ ಬಂದಿದೆ, ಮಂಗಳೂರಲ್ಲಿ ಸಿಗುತ್ತದಾ ಎಂದು ಕೇಳಿದ್ದೀರಿ. ಸಿಗುವುದಿಲ್ಲ. ಮಂಗಳೂರು ಬಿಡಿ, ಅಮೆರಿಕದಲ್ಲೂ ಇಲ್ಲ. ನಾನು ಡಾಕ್ಟರ್ ಅಲ್ಲ. ಉಡುಪಿಯವನು, 14ನೇ ವಯಸ್ಸಿನಿಂದ ಇನ್ಸುಲಿನ್ ಚುಚ್ಚಿಕೊಳ್ಳುತ್ತಿದ್ದೇನೆ. ಹಾಗಾಗಿ ಈ ಸುದ್ದಿಗಳ ಬೆನ್ನು ಹತ್ತಿ ಓದುವ ಚಟ.

ವಾಟ್ಸಾಪ್ ಸುದ್ದಿ ಪೂರ್ತಿ ಸುಳ್ಳಲ್ಲ, ಆದರೆ ಅದು ಇಲಿಗಳ ಕಥೆ. 2018ರಲ್ಲಿ ಅಮೆರಿಕದ ಪಿಟ್ಸ್‌ಬರ್ಗ್‌ನ ಸಂಶೋಧಕ ಜಾರ್ಜ್ ಗಿಟ್ಟೆಸ್ ತಂಡ ಕಾಯಿಲೆ ತರದ ವೈರಸ್ಸಿನೊಳಗೆ ಎರಡು ಜೀನ್ ಇಟ್ಟು ಇಲಿಯ ಮೇದೋಜೀರಕಕ್ಕೆ ಕಳಿಸಿತು. ಅಲ್ಲಿ ಇನ್ಸುಲಿನ್ ಮಾಡುವ ಬೀಟಾ ಕೋಶ ಸತ್ತರೂ ಪಕ್ಕದ ಆಲ್ಫಾ ಕೋಶ ಬದುಕಿರುತ್ತದೆ. ಅದರ ಕೆಲಸ ಸಕ್ಕರೆ ಏರಿಸುವುದು. ಜೀನ್ ಹೊಕ್ಕ ಮೇಲೆ ಅದೇ ಕೋಶ ಇನ್ಸುಲಿನ್ ಮಾಡತೊಡಗಿತು! ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಆದರೆ ಟೈಪ್ 1 ಬರುವ ತಳಿಯ ಇಲಿಗಳಲ್ಲಿ ಅದು ನಡೆದದ್ದು ಸುಮಾರು 4 ತಿಂಗಳು. ನಮ್ಮ ಬೀಟಾ ಕೋಶಗಳನ್ನು ಕೊಂದದ್ದು ನಮ್ಮದೇ ರೋಗನಿರೋಧಕ ಶಕ್ತಿ ಅಲ್ವಾ? ಹೊಸ ಕೋಶ ಬಂದರೂ ಆ ಶಕ್ತಿ ಸುಮ್ನೆ ಕೂರುವುದಿಲ್ಲ.

ಮನುಷ್ಯರಲ್ಲಿ ಮುಂದೆ ಹೋಗಿರುವುದು ಬೇರೆ ದಾರಿ. ವರ್ಟೆಕ್ಸ್ ಕಂಪನಿ ಸ್ಟೆಮ್ ಸೆಲ್‌ನಿಂದ (ಬೇರೆ ಬೇರೆ ಕೋಶವಾಗಿ ಬೆಳೆಯಬಲ್ಲ ಮೂಲ ಕೋಶ) ಮಾಡಿದ ಇನ್ಸುಲಿನ್ ಕೋಶಗಳನ್ನು 12 ಜನರಿಗೆ ಪೂರ್ತಿ ಡೋಸ್ ಕೊಟ್ಟಿತ್ತು. ಒಂದು ವರ್ಷಕ್ಕೆ 10 ಮಂದಿಗೆ ಇನ್ಸುಲಿನ್ ಬೇಕಾಗಲಿಲ್ಲ. ಇದು 2025ರಲ್ಲಿ ಪ್ರಕಟವಾಯಿತು. ಆದರೆ ಅವರೆಲ್ಲ ದೊಡ್ಡವರು, ಸಕ್ಕರೆ ಇಳಿದದ್ದು ಗೊತ್ತಾಗದೆ ಅಪಾಯಕ್ಕೆ ಬಿದ್ದವರು. ರೋಗನಿರೋಧಕ ಶಕ್ತಿ ತಗ್ಗಿಸುವ ಮಾತ್ರೆಯೂ ನುಂಗಬೇಕು. ಮಕ್ಕಳಿಗೆ ಅದಕ್ಕಿಂತ ಇನ್ಸುಲಿನ್ನೇ ವಾಸಿ ಅನ್ನುತ್ತೇನೆ ನಾನು. ಸ್ವೀಡನ್‌ನಲ್ಲಿ ಒಬ್ಬರ ಮುಂಗೈಗೆ ಜೀನ್ ತಿದ್ದಿದ ಕೋಶ ಹಾಕಿದ್ದೂ ಅದೇ ವರ್ಷ ಪ್ರಕಟವಾಯಿತು. ಆ ಮಾತ್ರೆ ಇಲ್ಲದೆಯೂ ಅದು ಉಳಿಯಿತು. ಪ್ರಮಾಣ ಸಣ್ಣದು, ಅವರಿಗೆ ಇನ್ಸುಲಿನ್ ಇನ್ನೂ ಬೇಕು. ಆದರೂ ನನಗೆ ಜಾಸ್ತಿ ಆಸೆ ಇರುವುದು ಇದರ ಮೇಲೆ.

ಅಲ್ಲಿಯವರೆಗೆ ಒಂದು ಡೋಸೂ ತಪ್ಪಿಸಬೇಡಿ. ಪಿಯುಸಿಯಲ್ಲಿದ್ದಾಗ ನೆಂಟರೊಬ್ಬರ ಮಾತು ಕೇಳಿ, ಹಿತ್ತಿಲ ಇನ್ಸುಲಿನ್ ಗಿಡದ ಎಲೆ ಜಗಿದು, ಎರಡು ದಿನ ಇಂಜೆಕ್ಷನ್ ಬಿಟ್ಟಿದ್ದೆ. ಹೆಸರಷ್ಟೇ ಇನ್ಸುಲಿನ್, ಎಲೆಯಲ್ಲಿ ಅದಿಲ್ಲ. ವಾಂತಿ, ಏದುಸಿರು, ಆಮೇಲೆ ಐಸಿಯು. ಅಮ್ಮ ಗಿಡವನ್ನೇ ಕಿತ್ತು ಬಿಸಾಡಿದರು.

ಯಾರಾದರೂ ಲಕ್ಷಗಟ್ಟಲೆ ಕೇಳಿ 'ಟ್ರಯಲ್‌ಗೆ ಸೇರಿಸುತ್ತೇವೆ' ಅಂದರೆ ಸಿಟಿಆರ್‌ಐ (ನಮ್ಮ ದೇಶದ ಟ್ರಯಲ್‌ಗಳ ಸರ್ಕಾರಿ ನೋಂದಣಿ ಪಟ್ಟಿ) ನೋಂದಣಿ ಸಂಖ್ಯೆ ಕೇಳಿ. ನನಗೆ ಫೋನ್ ಮಾಡಿದವನು ಅಷ್ಟಕ್ಕೇ ಲೈನ್ ಕಟ್ ಮಾಡಿದ.