ವಿಂಡೋಸ್ 10 ನಿಂತಿತು ಅಂತ ತೋಟದ ಕಂಪ್ಯೂಟರ್ ಈಗಲೇ ಬದಲಾಯಿಸಬೇಡಿ ಅಕ್ಕ

ಅಕ್ಕ, ನಿಮ್ಮ ಪ್ರಶ್ನೆ ನಿನ್ನೆ ರಾತ್ರಿಯೇ ನೋಡಿದೆ. ರೋಬಸ್ಟಾ ಕಾಫಿ ಕೊಯ್ಲು ಜೋರಾಗಿ ನಡೆಯುತ್ತಿದೆ, ಕಣದಲ್ಲೇ ಕತ್ತಲಾಯಿತು, ಅದಕ್ಕೆ ಉತ್ತರ ತಡ. ನೀವು ಕೇಳಿದ್ದು ಇಷ್ಟು: ತೋಟದ ಆಫೀಸಿನ ಕಂಪ್ಯೂಟರ್ 2017ರದ್ದು, ಇಂಟೆಲ್ ಏಳನೇ ತಲೆಮಾರಿನ ಐ3 ಪ್ರೊಸೆಸರ್, ವಿಂಡೋಸ್ 10 ಇದೆ. ಅದಕ್ಕೆ ಮೈಕ್ರೋಸಾಫ್ಟ್ ಅಪ್‌ಡೇಟ್ ನಿಲ್ಲಿಸಿದೆ, ಈಗ ವಿಂಡೋಸ್ 11ರಲ್ಲಿ ಎಲ್ಲಾ ಎಐ ಅಂತೆ, ಅಂಗಡಿಯವರು ಹೊಸ ಲ್ಯಾಪ್‌ಟಾಪ್ ತಗೊಳ್ಳಿ ಅಂತಿದ್ದಾರೆ, ಏನು ಮಾಡೋದು ಅಂತ.

ಈಗಲೇ ತಗೊಳ್ಳಬೇಡಿ. ಕೊಯ್ಲಿನ ಮಧ್ಯೆ ಅಂತೂ ಬೇಡವೇ ಬೇಡ.

ನಾನು ವಿಂಡೋಸ್ 98 ಕಾಲದಿಂದ ತೋಟದ ಚೆಕ್‌ರೋಲ್, ಅಂದರೆ ಆಳುಗಳ ಹಾಜರಿ-ಕೂಲಿ ಲೆಕ್ಕ, ಗೊಬ್ಬರದ ಲೆಕ್ಕ, ಮಳೆ ಲೆಕ್ಕ ಎಲ್ಲಾ ಕಂಪ್ಯೂಟರಿನಲ್ಲೇ ಇಟ್ಟುಕೊಂಡು ಬಂದಿದ್ದೇನೆ. ಎಕ್ಸ್‌ಪಿ ನಿಂತಿದ್ದು ನೋಡಿದ್ದೇನೆ, 7 ನಿಂತಿದ್ದು ನೋಡಿದ್ದೇನೆ. 2015ರಲ್ಲಿ ವಿಂಡೋಸ್ 10 ಬಂದಾಗ ಇದೇ ಕೊನೆಯ ವಿಂಡೋಸ್ ಅಂತ ಆ ಕಂಪನಿಯವರೇ ಒಬ್ಬರು ವೇದಿಕೆ ಮೇಲೆ ಹೇಳಿದ್ದರು. ನಾನು ಅದನ್ನು ನಂಬಿದ್ದೆ. 2021ರಲ್ಲಿ ವಿಂಡೋಸ್ 11 ಬಂತು, ಜೊತೆಗೆ ಟಿಪಿಎಂ 2.0 ಅನ್ನೋ ಸೆಕ್ಯುರಿಟಿ ಭಾಗ ಬೇಕು, ಇಂಟೆಲ್ ಆದರೆ ಎಂಟನೇ ತಲೆಮಾರು ಅಥವಾ ಅದರ ನಂತರದ್ದು ಇರಬೇಕು ಅನ್ನೋ ಷರತ್ತೂ ಬಂತು. ಚೆನ್ನಾಗಿ ಓಡುತ್ತಿರುವ ಮಿಷನ್ನುಗಳನ್ನು ಹೀಗೆ ಹೊರಗೆ ಹಾಕಿದ್ದು ನನಗೆ ಇವತ್ತಿಗೂ ಸರಿ ಅನ್ನಿಸಿಲ್ಲ. ನಿಮ್ಮದು ಏಳನೇ ತಲೆಮಾರು, ಒಂದೇ ಮೆಟ್ಟಿಲಿಗೆ ತಪ್ಪಿಹೋಯಿತು.

ಆದರೆ ನಿಂತಿದ್ದು ಏನು ಅಂತ ಸರಿಯಾಗಿ ತಿಳಿದುಕೊಳ್ಳಿ. 2025ರ ಅಕ್ಟೋಬರ್ 14ಕ್ಕೆ ನಿಂತಿದ್ದು ಉಚಿತ ಅಪ್‌ಡೇಟ್ ಮತ್ತು ಕಂಪನಿಯ ತಾಂತ್ರಿಕ ಸಹಾಯ ಮಾತ್ರ. ಕಂಪ್ಯೂಟರ್ ಎಂದಿನಂತೆ ಓಡುತ್ತದೆ. ಮನೆ ಬಳಕೆಯವರಿಗೆ ಇನ್ನೊಂದು ವರ್ಷ, ಅಂದರೆ 2026ರ ಅಕ್ಟೋಬರ್ 13ರ ತನಕ, ಸೆಕ್ಯುರಿಟಿ ಅಪ್‌ಡೇಟ್ ಕೊಡುತ್ತಾರೆ. ವಿಂಡೋಸ್ 7 ನಿಂತಾಗ ನಮ್ಮಂಥವರಿಗೆ ಈ ಅವಕಾಶ ಇರಲಿಲ್ಲ. ಸೆಟ್ಟಿಂಗ್ಸ್‌ಗೆ ಹೋಗಿ, ಅಪ್‌ಡೇಟ್ ಅಂಡ್ ಸೆಕ್ಯುರಿಟಿ ತೆರೆದು, ವಿಂಡೋಸ್ ಅಪ್‌ಡೇಟ್‌ನಲ್ಲಿ 'ಎನ್ರೋಲ್ ನೌ' ಅಂತ ಇದೆಯಾ ನೋಡಿ. ಇಲ್ಲದಿದ್ದರೆ ಮೊದಲು ಬಾಕಿ ಇರುವ ಅಪ್‌ಡೇಟ್ ಎಲ್ಲಾ ಹಾಕಿ, 22ಎಚ್2 ಆವೃತ್ತಿ ಇರಲೇಬೇಕು. ಮೈಕ್ರೋಸಾಫ್ಟ್ ಅಕೌಂಟಿನಲ್ಲಿ ಲಾಗಿನ್ ಆಗಿ, ಸೆಟ್ಟಿಂಗ್ಸ್ ಬ್ಯಾಕಪ್ ಮಾಡಲು ಒಪ್ಪಿದರೆ ದುಡ್ಡು ಕೊಡಬೇಕಿಲ್ಲ. ಅಕೌಂಟಿನ ಪಾಸ್‌ವರ್ಡ್ ಮಾತ್ರ ನೀವೇ ಇಟ್ಟುಕೊಳ್ಳಿ. ಅಂಗಡಿ ಹುಡುಗನ ಇಮೇಲ್ ಹಾಕಿಸಿಕೊಂಡು ಆಮೇಲೆ ಅವನನ್ನು ಹುಡುಕಿಕೊಂಡು ಕುಶಾಲನಗರದ ತನಕ ಹೋಗಿಬಂದವರು ನಮ್ಮಲ್ಲೇ ಇದ್ದಾರೆ.

ಇನ್ನು ಹೊಸ ಘೋಷಣೆಗಳ ವಿಷಯ. ಮೈಕ್ರೋಸಾಫ್ಟಿನ ಎಐ ಸಹಾಯಕ ಕೋಪೈಲಟ್ ಜೊತೆ ಬಾಯಲ್ಲೇ ಮಾತಾಡಬಹುದು, ಅದು ನಮ್ಮ ಪರದೆ ನೋಡಿ ಹೇಳಿಕೊಡುತ್ತದೆ, ನಮ್ಮ ಪರವಾಗಿ ಕೆಲಸಾನೂ ಮಾಡುತ್ತದೆ ಅಂತ 2025ರ ಅಕ್ಟೋಬರ್‌ನಲ್ಲಿ ಹೇಳಿದರು. ಕಣ್ಣು ಮಂದ ಇರುವವರಿಗೆ, ಟೈಪ್ ಮಾಡಲು ಬಾರದವರಿಗೆ ಮಾತಾಡುವ ಸೌಲಭ್ಯ ಒಳ್ಳೆಯದೇ, ಅದನ್ನು ನಾನು ಒಪ್ಪುತ್ತೇನೆ. ಆದರೆ ಅದಕ್ಕೆ ಇಂಟರ್ನೆಟ್ ಬೇಕು ಅಲ್ವಾ. ಜುಲೈ ಮಳೆಗೆ ಒಂದು ಮರ ಲೈನ್ ಮೇಲೆ ಬಿದ್ದರೆ ನಮಗೆ ಕರೆಂಟೂ ಇಲ್ಲ, ನೆಟ್‌ವರ್ಕೂ ಇಲ್ಲ. 2018ರ ಆಗಸ್ಟ್‌ನಲ್ಲಿ ಕೊಡಗಿನ ಮಳೆ, ಭೂಕುಸಿತ ನೆನಪಿದೆಯಲ್ಲ. ಶನಿವಾರ ಬಟವಾಡೆ ಮಾಡಬೇಕಾದರೆ ಚೆಕ್‌ರೋಲ್ ಫೈಲು ನೆಟ್ ಇಲ್ಲದೆಯೂ ತೆರೆಯಬೇಕು. ನಾನು ಯಾವ ಹೊಸ ಸಾಫ್ಟ್‌ವೇರ್ ಬಂದರೂ ಮೊದಲು ಕೇಳೋದು ಇದನ್ನೇ.

ರಿಕಾಲ್ ಅನ್ನೋ ವಿಂಡೋಸ್ 11ರ ಸೌಲಭ್ಯದ ಬಗ್ಗೆ ಒಬ್ಬರು ಇಲ್ಲಿ ಹೆದರಿಕೊಂಡು ಬರೆದಿದ್ದರು, ವಿಂಡೋಸ್ 11 ಹಾಕಿದರೆ ಪರದೆಯ ಫೋಟೋ ತೆಗೆಯುತ್ತಲೇ ಇರುತ್ತದೆ ಅಂತ. ಅದು ಎಲ್ಲಾ ಮಿಷನ್ನಿಗೂ ಬರೋದಲ್ಲ. ಕೋಪೈಲಟ್ ಪ್ಲಸ್ ಅಂತ ಮಾರುವ ಹೊಸ ಮಿಷನ್ನುಗಳಲ್ಲಿ ಮಾತ್ರ ಇದೆ, ಅವಕ್ಕೆ ಕನಿಷ್ಠ 16 ಜಿಬಿ ರ‍್ಯಾಮ್ ಬೇಕು, ಎಐಗೆ ಅಂತಲೇ ಬೇರೆ ಚಿಪ್ ಭಾಗ ಬೇಕು. 2024ರ ಮೇ ತಿಂಗಳಲ್ಲಿ ಘೋಷಣೆ ಮಾಡಿದಾಗ ಜನ ಜೋರಾಗಿ ಬೈದರು, ಅದಕ್ಕೆ ಮುಂದಕ್ಕೆ ಹಾಕಿ, ನಾವಾಗಿ ಆನ್ ಮಾಡಿದರೆ ಮಾತ್ರ ಕೆಲಸ ಮಾಡುವ ಹಾಗೆ ಬದಲಾಯಿಸಿ, 2025ರ ಏಪ್ರಿಲ್‌ನಲ್ಲಿ ಬಿಟ್ಟರು. ಫೋಟೋಗಳು ಆ ಕಂಪ್ಯೂಟರಿನಲ್ಲೇ ಇರುತ್ತವೆ. ಆದರೂ ತೋಟದ ಆಫೀಸಿನಲ್ಲಿ ಆನ್ ಮಾಡಬೇಡಿ ಅಂತಲೇ ಹೇಳುತ್ತೇನೆ. ಲೈನ್ ಮನೆಯಲ್ಲಿರುವ ತೋಟದ ಕಾರ್ಮಿಕರ ಆಧಾರ್, ಪಾಸ್‌ಬುಕ್ ನಮ್ಮನ್ನು ನಂಬಿ ಕೊಟ್ಟಿರುವುದು. ಅದರ ಚಿತ್ರ ಇನ್ನೊಂದು ಕಡೆ ಉಳಿಯುವುದು ಬೇಡ.

ಈಗ ನನಗೆ ನಿಜವಾಗಿ ಮುಖ್ಯ ಅನ್ನಿಸಿದ್ದು ಹೇಳುತ್ತೇನೆ. ಮುಂದೆ ಹೊಸ ಮಿಷನ್ ತಗೊಂಡರೂ, ಇದಕ್ಕೇ ಮತ್ತೆ ವಿಂಡೋಸ್ ಹಾಕಿಸಿದರೂ, ಮೊದಲ ದಿನವೇ ತಾರೀಖಿನ ಸೆಟ್ಟಿಂಗ್ ನೋಡಿ. ನನ್ನ ಹಾರ್ಡ್ ಡಿಸ್ಕ್ ಒಮ್ಮೆ ಹೋಗಿ, ಹೊಸದು ಹಾಕಿಸಿ, ವಿಂಡೋಸ್ ಮತ್ತೆ ಹಾಕಿಸಿದ್ದೆ. ಹಾಕಿದವರು ರೀಜನ್ ಅಮೆರಿಕ ಅಂತಲೇ ಬಿಟ್ಟಿದ್ದರು, ನಾನೂ ನೋಡಲಿಲ್ಲ. ಆ ವರ್ಷ ಮಾರ್ಚ್ 4ಕ್ಕೆ ಒಂದು ಇಂಚು ಹತ್ತು ಸೆಂಟು (ಇಂಚಿನ ನೂರನೇ ಒಂದು ಭಾಗ ಒಂದು ಸೆಂಟು) ಹೂ ಮಳೆ, ಅಂದರೆ ಕಾಫಿ ಹೂ ಅರಳಿಸುವ ಮಳೆ, ಬಿತ್ತು. ಖುಷಿಯಲ್ಲಿ ಬಂದು ಎಕ್ಸೆಲ್‌ನಲ್ಲಿ 4/3 ಅಂತ ಹೊಡೆದೆ. ಅದು ಏಪ್ರಿಲ್ 3 ಅಂತ ತಗೊಂಡಿತು. ಹೂ ಮಳೆ ಆದಮೇಲೆ ಕಾಯಿ ಕಟ್ಟಲು ಬೇಕಾದ ಬ್ಯಾಕಿಂಗ್ ಮಳೆ 22ಕ್ಕೆ ಬಂತು, 22/3 ಅಂತ ಹೊಡೆದೆ. 22ನೇ ತಿಂಗಳು ಇಲ್ಲವಲ್ಲ, ಅದನ್ನು ತಾರೀಖು ಅಂತಲೇ ಲೆಕ್ಕಕ್ಕೆ ಹಿಡಿಯಲಿಲ್ಲ. ವರ್ಷದ ಕೊನೆಗೆ ಮಾರ್ಚ್ ಮಳೆ ಕೂಡಿಸಿದರೆ ಸೊನ್ನೆ. ತಂದೆಯವರ ಕಾಲದಿಂದ ಮಳೆ ಪುಸ್ತಕದಲ್ಲಿ ಬರೆದುಕೊಂಡು ಬಂದಿದ್ದನ್ನು ಒಂದೊಂದೇ ಸಾಲು ಟೈಪ್ ಮಾಡಿ ಮಾಡಿಕೊಂಡ ಫೈಲು ಅದು, ಆವತ್ತು ನನಗೆ ಊಟ ಸೇರಲಿಲ್ಲ. ಪುಸ್ತಕ ನಿಲ್ಲಿಸಿರಲಿಲ್ಲ, ಅದಕ್ಕೆ ಸರಿಮಾಡಲು ಆಯಿತು.

ಹಾಗಾಗಿ ಸೆಟ್ಟಿಂಗ್ಸ್‌ನಲ್ಲಿ ಟೈಮ್ ಅಂಡ್ ಲಾಂಗ್ವೇಜ್, ಅದರೊಳಗೆ ರೀಜನ್, ಅಲ್ಲಿ ಇಂಗ್ಲಿಷ್ ಇಂಡಿಯಾ ಇರಲಿ. ಆಮೇಲೆ ಎಕ್ಸೆಲ್‌ನ ಒಂದು ಖಾಲಿ ಮನೆಯಲ್ಲಿ 22/3 ಹೊಡೆದು ನೋಡಿ. ಬಲಕ್ಕೆ ಸರಿದು ನಿಂತರೆ ತಾರೀಖು, ಎಡಕ್ಕೇ ಉಳಿದರೆ ಅದು ಬರೀ ಅಕ್ಷರ.

ಕನ್ನಡ ಫೈಲುಗಳದ್ದೂ ಹೀಗೇ. ಹಳೆಯ ನುಡಿ, ಬರಹ ಫಾಂಟಿನಲ್ಲಿ ಟೈಪ್ ಮಾಡಿದ ಪತ್ರಗಳು, ಯುನಿಕೋಡ್ (ಎಲ್ಲಾ ಮಿಷನ್ನಿಗೂ ಒಂದೇ ಆದ ಅಕ್ಷರ ಸಂಕೇತ) ಅಲ್ಲದವು, ಆ ಫಾಂಟ್ ಇಲ್ಲದ ಮಿಷನ್ನಿನಲ್ಲಿ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರವಾಗಿ ಕಾಣುತ್ತವೆ. ಫೈಲ್ ಹಾಳಾಗಿದೆ ಅಂತ ಡಿಲೀಟ್ ಮಾಡಬೇಡಿ. ಹಳೇ ಮಿಷನ್ ಅಳಿಸುವ ಮೊದಲು ಫಾಂಟ್ಸ್ ಫೋಲ್ಡರಿನಿಂದ ಅವನ್ನು ಪೆನ್‌ಡ್ರೈವಿಗೆ ತಗೊಳ್ಳಿ, ಪುರುಸೊತ್ತಾದಾಗ ಯುನಿಕೋಡಿಗೆ ಬದಲಾಯಿಸಿ. ತುಂಗಾ ಫಾಂಟಿನಲ್ಲಿ ಮಾಡಿದ್ದರೆ ಆಪ್ಷನಲ್ ಫೀಚರ್ಸ್‌ನಲ್ಲಿ ಕನ್ನಡ ಸಪ್ಲಿಮೆಂಟಲ್ ಫಾಂಟ್ಸ್ ಹಾಕಿಕೊಂಡರೆ ಸಾಕು, ಮೊದಲಿನ ಹಾಗೇ ಕಾಣುತ್ತದೆ. ಟೈಪ್ ಮಾಡಲು ಬೇರೆ ಏನೂ ಬೇಡ, 2019ರಿಂದ ವಿಂಡೋಸ್ 10ರಲ್ಲೇ ಕನ್ನಡ ಫೋನೆಟಿಕ್ ಕೀಬೋರ್ಡ್ ಇದೆ. ಇಂಥದ್ದು ಕೊಟ್ಟಾಗ ಯಾರೂ ದೊಡ್ಡ ಘೋಷಣೆ ಮಾಡಲಿಲ್ಲ, ನನಗೆ ದಿನಾ ಉಪಯೋಗಕ್ಕೆ ಬರುತ್ತಿರುವುದು ಮಾತ್ರ ಅದೇ.

ಆಫೀಸ್ 2016 ಅಥವಾ 2019 ಇದ್ದರೆ ಅದಕ್ಕೂ ಅದೇ ಅಕ್ಟೋಬರ್ 14ಕ್ಕೆ ಅಪ್‌ಡೇಟ್ ನಿಂತಿದೆ. ಇಮೇಲಿನಲ್ಲಿ ಬಂದ ಗುರುತಿಲ್ಲದ ಎಕ್ಸೆಲ್ ಫೈಲು ಅದರಲ್ಲಿ ತೆರೆಯಬೇಡಿ.

ಎಂಟನೇ ತಲೆಮಾರು ಇದ್ದೂ ವಿಂಡೋಸ್ 11 ಬರಲ್ಲ ಅಂತ ಕೇಳಿದ ತಮ್ಮನಿಗೆ: ಟಿಪಿಎಂ ಬಹುಶಃ ಬಯಾಸ್‌ನಲ್ಲಿ, ಅಂದರೆ ವಿಂಡೋಸ್ ಶುರುವಾಗುವ ಮೊದಲು ತೆರೆಯುವ ಬೋರ್ಡಿನ ಸೆಟ್ಟಿಂಗ್‌ನಲ್ಲಿ, ಆಫ್ ಇರಬೇಕು. ಇಂಟೆಲ್ ಬೋರ್ಡಿನಲ್ಲಿ ಪಿಟಿಟಿ ಅಂತ, ಎಎಂಡಿಯಲ್ಲಿ ಎಫ್‌ಟಿಪಿಎಂ ಅಂತ ಇರುತ್ತದೆ, ಆನ್ ಮಾಡಿ ನೋಡು. ಷರತ್ತು ದಾಟದ ಮಿಷನ್ನಿಗೆ ಉಪಾಯ ಮಾಡಿ 11 ಹಾಕಿಕೊಡುವವರು ಇದ್ದಾರೆ, ಲೆಕ್ಕ ಇಡುವ ಮಿಷನ್ನಿಗೆ ನಾನು ಅದನ್ನು ಹಾಕಿಸಲ್ಲ.

ಮತ್ತೆ ಅಕ್ಕ, ಮುಂದೆ ಹೊಸದು ತಗೊಂಡಾಗ, ಮೈಕ್ರೋಸಾಫ್ಟ್ ಅಕೌಂಟ್ ಹಾಕಿ ಶುರು ಮಾಡಿದರೆ ಡಿಸ್ಕ್ ತಾನಾಗಿಯೇ ಲಾಕ್ ಆಗಬಹುದು. ಅದರ ರಿಕವರಿ ಕೀ 48 ಅಂಕಿ, ನಿಮ್ಮ ಅಕೌಂಟಿನಲ್ಲಿ ಇರುತ್ತದೆ. ಅದನ್ನು ತೆಗೆದು ಪೆನ್ನಿನಲ್ಲಿ ಚೆಕ್‌ರೋಲ್ ಪುಸ್ತಕದ ಹಿಂದಿನ ಹಾಳೆಯಲ್ಲಿ ಬರೆದಿಡಿ. ಬೋರ್ಡ್ ಕೆಟ್ಟ ದಿನ ಆ ಅಂಕಿ ಇಲ್ಲದಿದ್ದರೆ ಡಿಸ್ಕಿನಲ್ಲಿರುವುದು ಯಾರಿಗೂ ಸಿಗಲ್ಲ.

ಈ ಭಾನುವಾರ ಎರಡು ಪೆನ್‌ಡ್ರೈವಿಗೆ ಎಲ್ಲಾ ಕಾಪಿ ಮಾಡಿ, ಒಂದು ಆಫೀಸಿನಲ್ಲಿ, ಒಂದು ಮನೆಯ ಬೀರುವಿನಲ್ಲಿ ಇಡಿ. ಕಾಪಿ ಆದಮೇಲೆ ಬೇರೆ ಕಂಪ್ಯೂಟರಿನಲ್ಲಿ ಹಾಕಿ ತೆರೆದು ನೋಡಿ, ಸುಮ್ನೆ ಹೆಸರು ಕಂಡರೆ ಸಾಲದು. 'ಎನ್ರೋಲ್' ಕಾಣಲಿಲ್ಲ ಅಂದರೆ ಆ ಪರದೆಯ ಫೋಟೋ ಇಲ್ಲಿ ಹಾಕಿ, ಸಂಜೆ ಕಣದಿಂದ ಬಂದು ನೋಡುತ್ತೇನೆ.